ನಲವತ್ತು ದಾಟಿದ ಮೇಲೆ ಹೀಬ್ರೂ ಕಲಿತವರು

 ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎರಡು ಸಾಲು ಖಾಲಿ ಇದೆ.

ಪ್ರಿಯರೇ, ನಮ್ಮ ಸಭೆಯಲ್ಲಿ ಹೆಚ್ಚಿನವರು ಇಪ್ಪತ್ತೈದರಿಂದ ಮೂವತ್ತೆಂಟರ ಒಳಗಿನವರು. ಪ್ರಾರ್ಥನಾ ವಿಷಯಗಳ ಚೀಟಿ ಓದುವಾಗ ಇತ್ತೀಚೆಗೆ ಒಂದೇ ತರದ ಭಯ ಬೇರೆ ಬೇರೆ ಮಾತಲ್ಲಿ ಬರ್ತಾ ಇದೆ. ನಲವತ್ತಾಗೋದ್ರೊಳಗೆ ಸೆಟ್ಲ್ ಆಗ್ಬೇಕು. ನಲವತ್ತಾದ ಮೇಲೆ ಕೆಲಸ ಹೋದ್ರೆ ಯಾರು ತಗೊಳ್ತಾರೆ? ಯೌವನದಲ್ಲಿ ದೇವರಿಗೆ ಅಂತ ಏನೂ ಮಾಡ್ಲಿಲ್ಲ, ಇನ್ನು ಇಎಂಐ ಕಟ್ಟೋದ್ರಲ್ಲೇ ಜೀವನ ಮುಗಿಯುತ್ತೇನೋ. ಇಪ್ಪತ್ತೊಂಬತ್ತು ವಯಸ್ಸಿನವರು ಇದನ್ನ ಬರೀತಾರೆ! ನಲವತ್ತು ಅನ್ನೋದು ನಿಮಗೆ ಒಂದು ಗೋಡೆ ತರ ಕಾಣ್ತಾ ಇದೆ.

ಯೆಹೋಶುವ 14ನೇ ಅಧ್ಯಾಯವನ್ನ ಮನೆಗೆ ಹೋಗಿ ಓದಿ. ಕಾಲೇಬನಿಗೆ ಮೋಶೆ ಗೂಢಚಾರನ ಕೆಲಸ ಕೊಟ್ಟಾಗ ನಲವತ್ತು ವರ್ಷ. ಆ ಮನುಷ್ಯ ಬೆಟ್ಟದ ಸೀಮೆಯನ್ನ ನನಗೆ ಕೊಡು ಅಂತ ಕೇಳಿದ್ದು ಎಂಬತ್ತೈದರಲ್ಲಿ. ಮಧ್ಯದ ನಲವತ್ತೈದು ವರ್ಷ ಅವನು ಏನು ಮಾಡ್ತಿದ್ದ ಅಂತ ಬೈಬಲ್ ಹೆಚ್ಚು ಹೇಳೋದಿಲ್ಲ. ನನಗೆ ಆ ಮಧ್ಯದ ಭಾಗದ ಬಗ್ಗೆಯೇ ಕುತೂಹಲ. ಹಾಗಾಗಿ ಇವತ್ತು ಆ ಮಧ್ಯದ ವರ್ಷಗಳನ್ನ ನಮ್ಮ ಕಣ್ಣಿಗೆ ಕಾಣೋ ಹಾಗೆ ಬದುಕಿದ ಒಬ್ಬ ಸಹೋದರಿಯ ಕಥೆ ಹೇಳ್ತೀನಿ. ಪಂಡಿತಾ ರಮಾಬಾಯಿ.

ಹೆಸರು ಕೇಳಿದ್ದೀರಿ. ಸ್ಕೂಲ್ ಪುಸ್ತಕದಲ್ಲಿ ಸಮಾಜ ಸುಧಾರಕರ ಪಟ್ಟಿಯಲ್ಲಿ ಎರಡು ಸಾಲು ಬರುತ್ತೆ. ಪುಣೆಯವರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ. ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, 1858ರ ಏಪ್ರಿಲ್ 23ರಂದು, ತುಂಗೆ ಭದ್ರೆ ಹುಟ್ಟೋ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಕಡೆಯವರು, ಮರಾಠಿ ಮನೆಮಾತಿನ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ಮಾಡಿದ ತಪ್ಪು ಅಂತ ಆ ಕಾಲದವರು ಅಂದದ್ದು ಒಂದೇ: ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತ ಎಲ್ಲಿದೆ ತೋರಿಸಿ ಅಂತ ಶಾಸ್ತ್ರಗಳನ್ನೇ ಇಟ್ಟುಕೊಂಡು ವಾದ ಮಾಡಿದರು. ಆ ಜಗಳದಿಂದ ದೂರ ಇರೋಣ ಅಂತ ಕಾಡಲ್ಲಿ ಆಶ್ರಮ ಮಾಡಿಕೊಂಡರು.

ರಮಾಬಾಯಿ ಕೆಲವೇ ತಿಂಗಳ ಕೂಸು, ಕುಟುಂಬ ಯಾತ್ರೆಗೆ ಹೊರಟುಬಿಡ್ತು. ಮಗುವನ್ನ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಆಮೇಲೆ ಆ ಹುಡುಗಿಗೆ ಮನೆ ಅನ್ನೋದೇ ಇರಲಿಲ್ಲ. ಊರಿಂದ ಊರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ. ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದಿ ಹೇಳೋದು, ಜನ ಕೊಟ್ಟದ್ದರಲ್ಲಿ ಊಟ. ತಾಯಿಯೇ ಸಂಸ್ಕೃತ ಕಲಿಸಿದರು. ಭಾಗವತದ ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠ.

ಆಮೇಲೆ 1870ರ ದಶಕದ ಕ್ಷಾಮ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಹದಿನಾರು ವರ್ಷದ ಹುಡುಗಿಯ ಕಣ್ಣ ಮುಂದೆ ತಂದೆ ಹಸಿವಿನಿಂದ ತೀರಿಹೋದರು. ಕೆಲವೇ ವಾರದಲ್ಲಿ ತಾಯಿ. ಆಮೇಲೆ ಅಕ್ಕ. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ಇವರು. ಇಬ್ಬರೂ ಸಾವಿರಾರು ಮೈಲಿ ನಡೆದರು, ಹೆಚ್ಚಾಗಿ ಬರಿಗಾಲಲ್ಲಿ, ಚಳಿಗೆ ಹೊದಿಕೆ ಇಲ್ಲದೆ.

ಮುಂದಿನ ಹತ್ತು ವರ್ಷ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಪುಸ್ತಕಗಳಲ್ಲೆಲ್ಲಾ ಇರೋದು ಅದೇ. 1878ರಲ್ಲಿ ಕಲ್ಕತ್ತಾ ತಲುಪಿದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ ಅಂತಲೂ ಸರಸ್ವತಿ ಅಂತಲೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನ ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ. 1881ರಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ಹೋಗಿಬಿಟ್ಟರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಕೂಸು. 1883ರಲ್ಲಿ ವೈದ್ಯಕೀಯ ಓದಬೇಕು ಅಂತ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗ್ತಾ ಬಂದದ್ದರಿಂದ ಆ ಆಸೆ ಅಲ್ಲೇ ಮುಗೀತು. ಅಲ್ಲಿ ವಾಂಟೇಜ್ ಅನ್ನೋ ಊರಿನಲ್ಲಿ ಆಂಗ್ಲಿಕನ್ ಸಿಸ್ಟರ್‌ಗಳ ಹತ್ತಿರ ಇದ್ದು, 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ತಗೊಂಡರು. 1886ರಲ್ಲಿ ಅಮೆರಿಕ. ಊರೂರು ಸುತ್ತಿ ಭಾಷಣ. ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಕೆಲಸಕ್ಕೆ ಹತ್ತು ವರ್ಷ ಹಣ ಕೊಡ್ತೀವಿ ಅಂತ ಒಂದು ಸಂಘವೇ ಹುಟ್ಟಿಕೊಳ್ತು. 1889ರ ಮಾರ್ಚ್‌ನಲ್ಲಿ ಬೊಂಬಾಯಿಯ ಚೌಪಾಟಿಯಲ್ಲಿ ಶಾರದಾ ಸದನ ಶುರು ಮಾಡಿದರು. ಬಾಲವಿಧವೆಯರಿಗೆ ಶಾಲೆ ಮತ್ತು ಮನೆ. ಅಲ್ಲಿಗೆ ಬಂದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಆಕೆಯನ್ನೇ ಮುಂದೆ ಧೋಂಡೋ ಕೇಶವ ಕರ್ವೆ ಮದುವೆಯಾದದ್ದು. ಅದೇ ಕರ್ವೆ ಅವರು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಅದು ಇನ್ನೊಂದು ಕಥೆ, ಬಿಡಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಮೂವತ್ತೊಂದು ವಯಸ್ಸಿಗೆ ಮೂರು ಖಂಡಗಳಲ್ಲಿ ಹೆಸರು. ಇವತ್ತಿನ ಲೆಕ್ಕದಲ್ಲಿ ಅವರು ಆಗಲೇ ಗೆದ್ದವರು. ಜೀವನಚರಿತ್ರೆ ಅಲ್ಲಿಗೆ ಮುಗಿಸಬಹುದಿತ್ತು. ಆದ್ರೆ ರಮಾಬಾಯಿ ತಮ್ಮ ಸಾಕ್ಷಿಯಲ್ಲಿ ಒಂದು ವಿಚಿತ್ರ ವಿಷಯ ಬರೆದಿದ್ದಾರೆ. ದೀಕ್ಷಾಸ್ನಾನ ಆಗಿ ಎಂಟು ವರ್ಷ ಆದ ಮೇಲೆ, 1891ರ ಹೊತ್ತಿಗೆ, ತಮಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಅಂತ ಅವರಿಗೆ ಗೊತ್ತಾಯ್ತಂತೆ. ಎಂಟು ವರ್ಷ! ಬೈಬಲ್ ಓದ್ತಾ, ಸೇವೆ ಮಾಡ್ತಾ, ಜನರಿಂದ ಹೊಗಳಿಸಿಕೊಳ್ತಾ ಇದ್ದ ಎಂಟು ವರ್ಷ. ನಮ್ಮಲ್ಲಿ ಎಷ್ಟು ಜನ ಸಂಡೇ ಸ್ಕೂಲಿನಿಂದ ಇಲ್ಲೇ ಇದ್ದೀವಿ? ಕ್ವೈರ್, ಮೀಡಿಯಾ ಟೀಮ್, ಪಾರ್ಕಿಂಗ್ ಡ್ಯೂಟಿ, ಎಲ್ಲಾ ಮಾಡ್ತೀವಿ. ಮೂವತ್ಮೂರನೇ ವಯಸ್ಸಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ನನ್ನ ಅಡಿಪಾಯವೇ ಸರಿಯಿಲ್ಲ ಅಂತ ಒಪ್ಪಿಕೊಳ್ಳೋಕೆ ಧೈರ್ಯ ಬೇಕು. ಅವರು ಒಪ್ಪಿಕೊಂಡರು, ಬರೆದೂ ಇಟ್ಟರು. ಅವರ ನಡುವಯಸ್ಸಿನ ಬೆಳವಣಿಗೆ ಶುರುವಾಗೋದು ಇಲ್ಲಿಂದ ಅಂತ ನನ್ನ ಲೆಕ್ಕ.

ಅದರ ಬೆಲೆ ಬೇಗನೇ ಬಂತು. ಶಾರದಾ ಸದನ ಆಗ ಪುಣೆಗೆ ಬಂದಿತ್ತು. ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಇಲ್ಲ ಅನ್ನೋ ಒಪ್ಪಂದದ ಮೇಲೆ ನಡೀತಿದ್ದ ಶಾಲೆ. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡ್ತಿದ್ದರು, ಕೆಲವು ಹುಡುಗಿಯರು ಬಂದು ಕೂರೋಕೆ ಶುರು ಮಾಡಿದರು. ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಮಂಡಳಿ ಬಿಟ್ಟು ಹೊರಟರು. ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನ ವಾಪಸ್ ಕರ್ಕೊಂಡು ಹೋದರು. ಆ ಹಿರಿಯರು ಕೆಟ್ಟವರಲ್ಲ, ಅದನ್ನೂ ಹೇಳ್ಬೇಕು. ಹೆಣ್ಣುಮಕ್ಕಳ ಓದಿಗಾಗಿ ತಮ್ಮ ಸಮಾಜದ ಬೈಗುಳ ತಿಂದವರು. ನಂಬಿ ಕೊಟ್ಟ ಜಾಗದಲ್ಲಿ ಹೀಗಾಯ್ತಲ್ಲ ಅಂತ ಅವರಿಗೆ ನೋವಾಗಿದ್ದು ನನಗೆ ಅರ್ಥವಾಗುತ್ತೆ. ರಮಾಬಾಯಿ ಮಾತ್ರ ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡೋಕೆ ಒಪ್ಪಲಿಲ್ಲ.

ಈಗ ನಿಜವಾಗಿ ಹೇಳಬೇಕಾದ ಜಾಗಕ್ಕೆ ಬಂದೆ. 1896ರ ಕೊನೆ. ಅವರಿಗೆ ಮೂವತ್ತೆಂಟು. ಕಿವಿ ಸರಿಯಾಗಿ ಕೇಳಿಸ್ತಾ ಇಲ್ಲ. ಮಗಳಿಗೆ ಹದಿನೈದು. ಶಾಲೆ ಗಲಾಟೆಯಿಂದ ಚೇತರಿಸಿಕೊಂಡು ಒಂದು ಹದಕ್ಕೆ ಬಂದಿದೆ. ಅಮೆರಿಕದವರು ಕೊಟ್ಟ ಮಾತಿನ ಹತ್ತು ವರ್ಷ ಮುಗೀತಾ ಬಂದಿದೆ. ಹುಷಾರಾದ ಯಾರೇ ಆದ್ರೂ ಏನ್ ಮಾಡ್ತಾರೆ? ಇರೋದನ್ನ ಕಾಪಾಡಿಕೊಳ್ತಾರೆ. ರಿಸ್ಕ್ ಬೇಡ ಅಂತಾರೆ.

ಆ ಹೊತ್ತಲ್ಲಿ ಮಧ್ಯ ಪ್ರಾಂತ್ಯದಲ್ಲಿ ಕ್ಷಾಮ ಬಿದ್ದ ಸುದ್ದಿ ಬಂತು. ಹದಿನಾರರಲ್ಲಿ ಅಪ್ಪ ಅಮ್ಮನನ್ನ ಕ್ಷಾಮಕ್ಕೆ ಕೊಟ್ಟವರು ಅವರು. ಹಸಿವಲ್ಲಿ ಒಂಟಿಯಾಗಿ ಬಿದ್ದ ಹೆಣ್ಣುಮಕ್ಕಳನ್ನ ಎಂಥವರು ಬಂದು ಎಲ್ಲಿಗೆ ಎತ್ಕೊಂಡು ಹೋಗ್ತಾರೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊರಟುಬಿಟ್ಟರು. ಪರಿಹಾರ ಶಿಬಿರಗಳನ್ನ ನೋಡಿದರು. ಮೂಳೆ ಚರ್ಮ ಅಂಟಿಕೊಂಡ ಮಕ್ಕಳು, ಹುಣ್ಣು, ಹೇನು, ಮೈಮೇಲೆ ಬಟ್ಟೆ ಇಲ್ಲ. ಸುಮಾರು ಐವತ್ತು ಜನರಿಗೆ ಅಂತ ಮಾಡಿದ್ದ ಶಾಲೆ ನಡೆಸ್ತಿದ್ದ ಹೆಂಗಸು ಮುನ್ನೂರರಷ್ಟು ಹುಡುಗಿಯರನ್ನ ಕರ್ಕೊಂಡು ಬಂದರು.

ಎಲ್ಲಿ ಇಡೋದು? ಪುಣೆಯಲ್ಲಿ ಪ್ಲೇಗ್. ಊರೊಳಗೆ ಇಷ್ಟು ಜನರನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಅಧಿಕಾರಿಗಳ ಆದೇಶ. ಇಲ್ಲಿ ಒಂದು ಸಣ್ಣ ವಿಷಯ ನನಗೆ ತುಂಬಾ ಇಷ್ಟ. ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ, ರೈಲು ದಾರಿಯ ಪಕ್ಕ, ಅವರು ಅದಕ್ಕೂ ಮುಂಚೆಯೇ ಜಮೀನು ತೆಗೆದುಕೊಂಡಿದ್ದರು. ಸುಮಾರು ನೂರು ಎಕರೆ. ಯಾಕೆ? ಅಮೆರಿಕದ ಹಣ ನಿಂತ ಮೇಲೆ ಹಣ್ಣಿನ ತೋಟದ ಆದಾಯದಲ್ಲಿ ಶಾಲೆ ನಡೆಸೋಣ ಅಂತ. ಬಾವಿ ತೋಡಿಸಿದ್ದರು. ಗಿಡ ನೆಡಿಸಿದ್ದರು. ಕ್ಷಾಮ ಬರುತ್ತೆ ಅಂತ ಗೊತ್ತಿರಲಿಲ್ಲ, ಪ್ಲೇಗ್ ಬರುತ್ತೆ ಅಂತ ಗೊತ್ತಿರಲಿಲ್ಲ. ಆದ್ರೆ ಮುನ್ನೂರು ಹುಡುಗಿಯರು ಬಂದ ದಿನ ಅಲ್ಲಿ ನೆಲ ಇತ್ತು, ನೀರು ಇತ್ತು. ಆ ಜಾಗಕ್ಕೆ ಮುಕ್ತಿ ಅಂತ ಹೆಸರಿಟ್ಟರು. ನಾವು ವಿಶ್ವಾಸ ಅಂದ್ರೆ ಪ್ಲಾನ್ ಮಾಡದೇ ಇರೋದು ಅಂತ ತಿಳ್ಕೊಂಡಿದ್ದೀವಿ. ಕೆಲವರು ಎಕ್ಸೆಲ್ ಶೀಟ್ ನೋಡಿದ್ರೆ ಅವಿಶ್ವಾಸ ಅಂತಾರೆ! ರಮಾಬಾಯಿ ಪ್ರಾರ್ಥನೆ ಮಾಡ್ತಾನೇ ಜಮೀನಿನ ಪತ್ರ ಮಾಡಿಸಿದವರು.

1898ರಲ್ಲಿ, ನಲವತ್ತನೇ ವಯಸ್ಸಲ್ಲಿ, ಮತ್ತೆ ಅಮೆರಿಕಕ್ಕೆ ಹೋದರು. ಹತ್ತು ವರ್ಷದ ಹಳೇ ಸಂಘ ಮುಗೀತು, ಬೇರೆ ರೂಪದಲ್ಲಿ ಹೊಸದು ಶುರುವಾಯ್ತು. ಆದ್ರೆ ಅವರ ಮನಸ್ಸು ಆಗಲೇ ಬೇರೆ ಕಡೆ ತಿರುಗಿತ್ತು. ಜಾರ್ಜ್ ಮುಲ್ಲರ್, ಚೈನಾ ಇನ್‌ಲ್ಯಾಂಡ್ ಮಿಷನ್ ಇವರ ಚರಿತ್ರೆ ಓದಿ, ಮನುಷ್ಯರ ಮಾತಿನ ಮೇಲೆ ನಿಲ್ಲದೆ ದೇವರ ಮೇಲೆ ನಿಂತು ನಡೆಸೋ ಕೆಲಸ ನಮ್ಮ ದೇಶದಲ್ಲಿ ಯಾಕಾಗಬಾರದು ಅಂತ ಯೋಚಿಸ್ತಿದ್ದವರು. ಮುಕ್ತಿ ನಡೆದದ್ದು ಹಾಗೆ. 1899ರಲ್ಲಿ ದೊಡ್ಡ ದೇವಾಲಯಕ್ಕೆ ಅಡಿಪಾಯ. 1900ರಲ್ಲಿ ಗುಜರಾತಿನ ಕ್ಷಾಮ, ಮತ್ತೆ ನೂರಾರು ಹುಡುಗಿಯರು. ಅಲ್ಲಿದ್ದವರ ಸಂಖ್ಯೆ ಸಾವಿರದ ಐನೂರು ದಾಟಿತು.

ಸಾವಿರದ ಐನೂರು ಜನಕ್ಕೆ ದಿನಾ ಅಡುಗೆ. ಒಂದ್ಸಲ ಯೋಚನೆ ಮಾಡಿ. ನಮ್ಮ ಕ್ರಿಸ್‌ಮಸ್ ಊಟಕ್ಕೆ ನಾನೂರು ಜನ ಬಂದ್ರೆ ಎಷ್ಟು ಗಲಾಟೆ ಆಗುತ್ತೆ ನಿಮಗೇ ಗೊತ್ತು. ಜೋಳ ಬೀಸಬೇಕು, ಬಟ್ಟೆ ಒಗೀಬೇಕು, ಕಾಯಿಲೆಯವರನ್ನ ನೋಡ್ಕೊಳ್ಳಬೇಕು. ಇದೆಲ್ಲಾ ಹುಡುಗಿಯರೇ ಮಾಡಿದರು, ಮಾಡ್ತಾ ಕಸುಬು ಕಲಿತರು. ನೇಯ್ಗೆ, ಹೊಲಿಗೆ, ಹಾಲಿನ ಕೆಲಸ, ತೋಟ, ಎಣ್ಣೆ ಗಾಣ, ಅಚ್ಚುಕೂಟ. ಮೊಳೆ ಜೋಡಿಸೋದು, ಅಚ್ಚು ಹಾಕೋದು, ಹೊಲಿದು ಪುಸ್ತಕ ಕಟ್ಟೋದು, ಎಲ್ಲಾ ಹೆಂಗಸರು. ದಾರಿ ತಪ್ಪಿಸಲ್ಪಟ್ಟ ಹೆಣ್ಣುಮಕ್ಕಳಿಗೆ ಕೃಪಾ ಸದನ, ವಯಸ್ಸಾದವರಿಗೆ ಪ್ರೀತಿ ಸದನ. ಕುರುಡರಿಗೂ ಒಂದು ಮನೆ, ಅಲ್ಲಿ ಬ್ರೈಲ್ ಕಲಿಸಿದರು.

ನಿಮ್ಮ ಆಫೀಸಿನಲ್ಲಿ ಯಾರಾದ್ರೂ ಕೇಳ್ತಾರೆ: ಹಸಿದವರಿಗೆ ಊಟ ಕೊಟ್ಟು ಮತ ಬದಲಾಯಿಸಿದ್ದಲ್ವಾ? ಕೇಳೋದು ನ್ಯಾಯವೇ. ಬೇಜಾರಾಗ್ಬೇಡಿ, ಸಿಟ್ಟು ಮಾಡ್ಕೋಬೇಡಿ. ಮುಕ್ತಿಯಲ್ಲಿ ಸುವಾರ್ತೆ ಮುಚ್ಚಿಟ್ಟು ಹೇಳ್ತಿರಲಿಲ್ಲ, ಅದು ನಿಜ. ಊಟ ಕೊಟ್ಟವರ ಮಾತಿಗೆ ಹಸಿದವರು ಬೇಗ ತಲೆಬಾಗ್ತಾರೆ ಅನ್ನೋದೂ ನಿಜ. ಹಾಗೇ, ಯಾರೂ ಬೇಡ ಅಂದ ಹುಡುಗಿಯರ ಕೈಗೆ ಅಕ್ಷರ ಮತ್ತು ಕಸುಬು ಎರಡೂ ಸಿಕ್ಕಿತು ಅನ್ನೋದು ಕೂಡ ನಿಜ. ಈ ಮೂರನ್ನೂ ಸೇರಿಸಿ ಹೇಳಿ. ಒಂದನ್ನೇ ಹೇಳಿದ್ರೆ ಅದು ಪ್ರಚಾರ ಆಗುತ್ತೆ.

ಇನ್ನೊಂದು ಘಟನೆ. ಈ ಕ್ಷಾಮಕ್ಕೆ ಸ್ವಲ್ಪ ಮುಂಚೆ ಲೋನಾವಳದಲ್ಲಿ ಕ್ಯಾಂಪ್ ಮೀಟಿಂಗ್ ನಡೆದಿತ್ತು. ಆಗ ಅವರ ಹುಡುಗಿಯರಲ್ಲಿ ರಕ್ಷಣೆ ಹೊಂದಿದವರು ಹದಿನೈದು ಜನ. ಬೆಳಗಿನ ಜಾವ ಕಾಡಿನಲ್ಲಿ ಒಂಟಿಯಾಗಿ ಕೂತು ಅವರು ಒಂದು ಲೆಕ್ಕ ಇಟ್ಟು ಪ್ರಾರ್ಥನೆ ಮಾಡಿದರು. ಹದಿನೈದನ್ನ ಹದಿನೈದರಿಂದ ಗುಣಿಸಿ ಕೊಡು ಅಂತ. ಇನ್ನೂರ ಇಪ್ಪತ್ತೈದು. ಶಾಲೆಯಲ್ಲಿ ಇದ್ದ ಹುಡುಗಿಯರೇ ಅಷ್ಟಿರಲಿಲ್ಲ! ಆ ಮಕ್ಕಳು ಎಲ್ಲಿಂದ ಬರ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಕ್ಷಾಮದ ಊರುಗಳಿಂದ ಬಂದರು.

ಈಗ 1905. ನಮ್ಮ ಪೆಂಟೆಕೋಸ್ಟಲ್ ಜನಕ್ಕೆ ಇಲ್ಲಿಂದ ಕಥೆ ಶುರುವಾಗುತ್ತೆ, ಹಿಂದಿನದೆಲ್ಲಾ ಫಾರ್ವರ್ಡ್ ಮಾಡಿಬಿಡ್ತೀವಿ. ಹಾಗೆ ಮಾಡ್ಬೇಡಿ ಅಂತಾನೇ ಇಷ್ಟು ಹೊತ್ತು ಬಾವಿ, ಗಾಣ, ಜೋಳ ಅಂತ ಹೇಳಿದ್ದು. ಆ ವರ್ಷದ ಜನವರಿಯಲ್ಲಿ ರಮಾಬಾಯಿ ವಿಶೇಷ ಪ್ರಾರ್ಥನೆಗೆ ಕರೆ ಕೊಟ್ಟರು. ದಿನಾ ಬೆಳಗ್ಗೆ ಎಪ್ಪತ್ತು ಜನ ಸೇರ್ತಿದ್ದರು. ಜೂನ್ ಹೊತ್ತಿಗೆ ಐನೂರೈವತ್ತು ಜನ, ದಿನಕ್ಕೆರಡು ಸಲ. ಜೂನ್ 29ರ ರಾತ್ರಿ ಹುಡುಗಿಯರ ಮೇಲೆ ಪವಿತ್ರಾತ್ಮನ ಸುರಿಸುವಿಕೆ ಆಯ್ತು. ಒಬ್ಬ ಹುಡುಗಿಯ ಮೇಲೆ ಬೆಂಕಿ ಇಳಿದದ್ದನ್ನ ಕಂಡು ಇನ್ನೊಬ್ಬಳು ನೀರಿನ ಬಕೆಟ್ ತರೋಕೆ ಓಡಿದಳು ಅಂತ ಸಾಕ್ಷಿ ಇದೆ. ಮಾರನೇ ದಿನ ರಮಾಬಾಯಿ ಯೋಹಾನ 8ನೇ ಅಧ್ಯಾಯದಿಂದ ಪಾಠ ಮಾಡ್ತಾ ಇರುವಾಗಲೇ ಎಲ್ಲರೂ ಅಳೋಕೆ, ಗಟ್ಟಿಯಾಗಿ ಪ್ರಾರ್ಥಿಸೋಕೆ ಶುರು. ಪಾಠ ನಿಂತುಹೋಯ್ತು. ಶಾಲೆಯೂ ನಿಂತುಹೋಯ್ತು. ಹಲ್ಲೆಲೂಯಾ! ಲಾಸ್ ಏಂಜಲಿಸ್‌ನ ಅಜುಸಾ ಬೀದಿಯ ಉಜ್ಜೀವನ ಶುರುವಾಗಿದ್ದು 1906ರ ಏಪ್ರಿಲ್‌ನಲ್ಲಿ. ಮುಕ್ತಿ ಅದಕ್ಕಿಂತ ಮುಂಚೆ. ಎಲ್ಲಾ ಪಶ್ಚಿಮದಿಂದಲೇ ಬಂತು ಅನ್ನೋರಿಗೆ ಈ ದಿನಾಂಕ ತೋರಿಸಿ.

ಮುಕ್ತಿಯಲ್ಲಿ ಸೇವೆ ಮಾಡ್ತಿದ್ದ ಮಿನ್ನೀ ಏಬ್ರಮ್ಸ್ ಅನ್ನೋ ಅಮೆರಿಕನ್ ಸಹೋದರಿ ಈ ಅನುಭವದಿಂದ 1906ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಅದರ ಪ್ರತಿಯನ್ನ ಚಿಲಿ ದೇಶದ ವಾಲ್ಪರೈಸೊದಲ್ಲಿದ್ದ ತಮ್ಮ ಹಳೇ ಸಹಪಾಠಿ ಮೇ ಹೂವರ್‌ಗೆ ಕಳಿಸಿದರು. 1909ರಲ್ಲಿ ಅಲ್ಲಿ ಉಜ್ಜೀವನ. ಇವತ್ತು ಚಿಲಿಯ ಲಕ್ಷಾಂತರ ಪೆಂಟೆಕೋಸ್ಟಲ್ ವಿಶ್ವಾಸಿಗಳ ಮೂಲ ಹುಡುಕುತ್ತಾ ಹೋದ್ರೆ, ಒಂದು ಎಳೆ ಕೇಡಗಾಂವ್‌ನ ಕ್ಷಾಮದ ಹುಡುಗಿಯರ ಹತ್ತಿರ ಬಂದು ನಿಲ್ಲುತ್ತೆ. ಮುಕ್ತಿಯಲ್ಲಿ ಹಲವರು ಅನ್ಯಭಾಷೆಯಲ್ಲಿ ಮಾತಾಡಿದರು. ರಮಾಬಾಯಿ ಅದನ್ನ ತಡೆಯಲಿಲ್ಲ, ಟೀಕೆ ಮಾಡಿದವರ ಎದುರು ಆ ಹುಡುಗಿಯರ ಪರ ನಿಂತರು. ಆದ್ರೆ ಅನ್ಯಭಾಷೆ ಇಲ್ಲದವರಿಗೆ ಆತ್ಮನೇ ಇಲ್ಲ ಅಂತ ಅಳತೆಗೋಲು ಮಾಡಲಿಲ್ಲ. ನಮ್ಮ ಸಭೆಗಳಲ್ಲಿ ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕು ಅಂತ ನನಗನ್ಸುತ್ತೆ.

ಉಜ್ಜೀವನ ಆದಾಗ ಅವರಿಗೆ ನಲವತ್ತೇಳು. ಪ್ರಪಂಚದ ಕ್ರೈಸ್ತ ಪತ್ರಿಕೆಗಳಲ್ಲಿ ಹೆಸರು. ಕನ್ವೆನ್ಷನ್‌ಗಳಿಗೆ ಕರೆದ್ರೆ ಹೋಗಿ ಮಾತಾಡಬಹುದಿತ್ತು. ಮುಂದಿನ ಹದಿನೇಳು ವರ್ಷ ಅವರು ಹೆಚ್ಚಾಗಿ ಮೇಜಿನ ಮುಂದೆ ಕೂತರು.

ಏನ್ ಮಾಡ್ತಾ? ಹೀಬ್ರೂ ಮತ್ತು ಗ್ರೀಕ್ ಕಲೀತಾ. ಆಗಿದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿ ಹೆಂಗಸರಿಗೆ ಕಷ್ಟ ಅಂತ ಅವರಿಗೆ ಅನ್ನಿಸಿತ್ತು. ಸಂಸ್ಕೃತ ಪದಗಳು ಜಾಸ್ತಿ. ಮೂಲ ಭಾಷೆಗಳಿಂದ ಸರಳ ಮರಾಠಿಗೆ ಇಡೀ ಬೈಬಲನ್ನ ತಾವೇ ಅನುವಾದ ಮಾಡಬೇಕು ಅಂತ ನಿಶ್ಚಯಿಸಿದರು. ನೋಡಿ, ಹದಿನೆಂಟು ಸಾವಿರ ಸಂಸ್ಕೃತ ಶ್ಲೋಕ ಬಾಯಿಪಾಠ ಇದ್ದವರು, ಸಂಸ್ಕೃತದಿಂದಲೇ ಹೆಸರು ಪಡೆದವರು, ಜೋಳ ಬೀಸೋ ಹುಡುಗಿಗೆ ಅರ್ಥವಾಗಲಿ ಅಂತ ಆ ಸಂಸ್ಕೃತವನ್ನ ಒಂದೊಂದೇ ಪದವಾಗಿ ತೆಗೆದು ಪಕ್ಕಕ್ಕಿಟ್ಟರು. ತಮಗೆ ಯಾವುದರಿಂದ ಗೌರವ ಬಂತೋ ಅದನ್ನೇ. ನಿಮ್ಮ ನಲವತ್ತರಲ್ಲಿ ಏನನ್ನ ಸೇರಿಸ್ಕೋಬೇಕು ಅಂತ ಎಲ್ಲರೂ ಹೇಳ್ತಾರೆ. ಯಾವುದನ್ನ, ಯಾರಿಗೋಸ್ಕರ ಪಕ್ಕಕ್ಕಿಡ್ತೀರಿ ಅಂತ ನಾನು ಕೇಳ್ತಿದ್ದೀನಿ.

ಹೀಬ್ರೂ ಸುಲಭ ಅಲ್ಲ. ಬಲದಿಂದ ಎಡಕ್ಕೆ ಓದಬೇಕು, ಕ್ರಿಯಾಪದದ ರೂಪಗಳು ತಲೆ ತಿನ್ನುತ್ತವೆ. ಇದರ ಜೊತೆಗೆ ಸಾವಿರಾರು ಜನರ ಊಟ, ಕಾಯಿಲೆ, ಜಗಳ, ಲೆಕ್ಕಪತ್ರ. ಮಧ್ಯೆ ಒಂದಿಷ್ಟು ವ್ಯಾಕರಣ, ಒಂದಿಷ್ಟು ವಚನ. ಅವರಿಗೆ ಕಿವಿ ಕೇಳಿಸ್ತಿರಲಿಲ್ಲ ಅಂತ ಹೇಳಿದೆ ಅಲ್ವಾ. ಇಂಗ್ಲೆಂಡಿನಲ್ಲಿ ಡಾಕ್ಟರ್ ಆಗೋ ಆಸೆಯನ್ನ ಮುರಿದದ್ದು ಅದೇ ಕಿವುಡು. ಕೇಡಗಾಂವ್‌ನಲ್ಲಿ ಅದೇ ಕಿವುಡು ಅವರಿಗೆ ಒಂದು ಮೌನದ ಕೋಣೆ ಮಾಡಿಕೊಟ್ಟಿರಬೇಕು ಅಂತ ನನಗನ್ಸುತ್ತೆ. ನನ್ನ ಊಹೆ ಅಷ್ಟೇ.

ಒಂದು ವಿಷಯ ಮಾತ್ರ ನನ್ನನ್ನ ಕಾಡುತ್ತೆ. ಅದನ್ನ ಬಿಟ್ಟು ಹೋದ್ರೆ ಈ ಸಂದೇಶ ಪೂರ್ತಿ ಆಗಲ್ಲ. ಮನೋರಮಾ. ಐದು ವರ್ಷದ ಮಗುವನ್ನ ಇಂಗ್ಲೆಂಡಿನ ಸಿಸ್ಟರ್‌ಗಳ ಹತ್ತಿರ ಬಿಟ್ಟು ತಾಯಿ ಅಮೆರಿಕ ಸುತ್ತಿದರು. ಬೆಳೆದ ಮೇಲೆ ಮಗಳು ಓದಿಗೆ ಅಮೆರಿಕದಲ್ಲಿ. 1900ರ ಹೊತ್ತಿಗೆ ಬಂದು ತಾಯಿಯ ಪಕ್ಕ ನಿಂತಳು, ಶಾರದಾ ಸದನದ ಪ್ರಿನ್ಸಿಪಾಲ್ ಆದಳು. 1912ರಲ್ಲಿ ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ಒಂದು ಶಾಲೆ ಶುರು ಮಾಡೋಕೂ ತಾಯಿಗೆ ಕೈ ಜೋಡಿಸಿದಳು. ಮುಕ್ತಿಯನ್ನ ಮುಂದೆ ನೋಡಿಕೊಳ್ಳೋದು ಈಕೆಯೇ ಅಂತ ಎಲ್ಲರ ನಂಬಿಕೆ. 1921ರ ಜುಲೈ 24ರಂದು, ನಲವತ್ತನೇ ವಯಸ್ಸಲ್ಲಿ, ಮನೋರಮಾ ತೀರಿಕೊಂಡಳು. ತಾಯಿಗೆ ಅರವತ್ತಮೂರು.

ಅಮ್ಮನ ಕರೆಗೆ ಮಗಳು ಎಷ್ಟು ಬೆಲೆ ತೆತ್ತಳು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮನಸ್ಸಿಟ್ಟು ಬದುಕ್ತೀನಿ, ಒಂದೇ ಗುರಿ ಹಿಡಿದು ಹೋಗ್ತೀನಿ ಅಂತ ಹೊರಡೋರ ಮನೆಯಲ್ಲಿ ಇನ್ನೊಬ್ಬರು ಇರ್ತಾರೆ. ನಿಮ್ಮಲ್ಲಿ ಮದುವೆಯಾದವರು, ಸೇವೆಗೆ ಹೋಗ್ತೀನಿ, ಕೆಲಸ ಬಿಡ್ತೀನಿ ಅಂತ ನನ್ನ ಹತ್ತಿರ ಬಂದಾಗ ನಾನು ಮೊದಲು ಕೇಳೋದು, ನಿಮ್ಮ ಮನೆಯವರು ಎಲ್ಲಿ, ಕರ್ಕೊಂಡು ಬನ್ನಿ ಅಂತ. ಅದಕ್ಕೆ ಕೆಲವರಿಗೆ ನನ್ನ ಮೇಲೆ ಕೋಪ. ಇರಲಿ.

ಮಗಳನ್ನ ಮಣ್ಣು ಮಾಡಿದ ಮೇಲೆ ರಮಾಬಾಯಿ ಮತ್ತೆ ಮೇಜಿನ ಹತ್ತಿರ ಹೋದರು. ಹೊಸ ಒಡಂಬಡಿಕೆ ಆಗಲೇ ಅಚ್ಚಾಗಿತ್ತು. ಹಳೆಯದರ ಪ್ರೂಫ್ ಬಾಕಿ ಇತ್ತು. ಬ್ರಾಂಕೈಟಿಸ್‌ನಿಂದ ಉಸಿರಾಡೋಕೆ ಕಷ್ಟ. ಒಂದೊಂದೇ ಹಾಳೆ ತಿದ್ದಿ ಅಚ್ಚುಕೂಟಕ್ಕೆ ಕಳಿಸಿದರು. ಕೆಲಸ ಮುಗಿಸಿದರು. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಕರ್ತನ ಹತ್ತಿರ ಹೋದರು.

ಇಡೀ ಬೈಬಲ್ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು ಮುಕ್ತಿಯ ಹೆಣ್ಣುಮಕ್ಕಳು.

ಎದ್ದು ನಿಲ್ಲೋಣ. ಮ್ಯೂಸಿಕ್ ಟೀಮ್, ಈಗಲೇ ನುಡಿಸ್ಬೇಡಿ, ಐದು ನಿಮಿಷ ಹಾಗೇ ಇರ್ಲಿ. ನಿಮ್ಮಲ್ಲಿ ಯಾರು ತುಂಬಾ ದಿನದಿಂದ ಒಂದು ಕೆಲಸವನ್ನ ವಯಸ್ಸಾಯ್ತು ಅಂತ ಮುಂದಕ್ಕೆ ಹಾಕ್ತಾ ಇದ್ದೀರೋ, ಅದರ ಹೆಸರನ್ನ ಬಾಯಿಬಿಟ್ಟು ದೇವರ ಮುಂದೆ ಹೇಳಿ. ಪಕ್ಕದವರಿಗೆ ಕೇಳಿಸಿದ್ರೂ ಪರವಾಗಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬಂದಿರೋರು ಒಬ್ಬರ ಕೈ ಒಬ್ಬರು ಹಿಡ್ಕೊಳ್ಳಿ. ತಂದೆಯೇ, ನಿನ್ನ ಸನ್ನಿಧಿಗೆ ಬರ್ತೀವಿ.